ಆರ್ಮುಗಣ್ಣನ ಮರಳಿನ ಗುಟ್ಟು

ಭದ್ರಾವತಿಯಲ್ಲಿ ಯಾರ ಮನೆಯ ಮದುವೆ ಮುರಿದುಬಿತ್ತು, ಯಾರು ಯಾರ ಜೊತೆ ಮಾತು ಬಿಟ್ಟರು, ಯಾವ ಹೋಟೆಲಿನವನು ಸಾಂಬಾರಿಗೆ ನೀರು ಸುರಿಯುತ್ತಾನೆ ಎಂಬುದೆಲ್ಲ ತಿಳಿಯಬೇಕಾದರೆ ಆರ್ಮುಗಣ್ಣನ ಫೌಂಡ್ರಿಯ ಮುಂದೆ ಸ್ವಲ್ಪ ಹೊತ್ತು ನಿಂತರೆ ಸಾಕಿತ್ತು. ಕುಲುಮೆಯ ಸದ್ದನ್ನೂ ಮೀರಿಸುವ ಗಂಟಲು. ಕಬ್ಬಿಣ ಕರಗುವವರೆಗೆ ಒಂದು ಕಥೆ, ಎರಕ ಆರುವವರೆಗೆ ಇನ್ನೊಂದು. ನಾನು ಹೋಗುತ್ತಿದ್ದದ್ದು ಕೆಲಸಕ್ಕೆ; ಬರುವಾಗ ಕಿವಿ ತುಂಬ ಊರ ಸುದ್ದಿ.

ಇಂಥ ಮನುಷ್ಯನ ಕೈಗೆ ನನ್ನ ಗುಟ್ಟು ಕೊಡಬೇಕಾಗಿ ಬಂದದ್ದು ನನ್ನ ಗ್ರಹಚಾರ. ಶಿವಮೊಗ್ಗದ ಆಲ್ಕೊಳದಲ್ಲಿ ನನ್ನದೊಂದು ಸಣ್ಣ ವರ್ಕ್‌ಶಾಪ್ ಇದೆ. ಅಡಿಕೆ ಸುಲಿಯುವ ಯಂತ್ರ ಮಾಡುತ್ತೇನೆ. ಸಿಪ್ಪೆ ಬಿಡಬೇಕು, ಒಳಗಿನ ಅಡಿಕೆಗೆ ಗಾಯವಾಗಬಾರದು. ಅದೆಲ್ಲ ನಿಂತಿರುವುದು ರೋಲರಿನ ಹಲ್ಲು ಎಷ್ಟು ಓರೆಯಾಗಿದೆ ಎಂಬುದರ ಮೇಲೆ. ಆ ಓರೆ ಕಂಡುಹಿಡಿಯಲು ಪಟ್ಟ ಪಾಡು ನನಗೇ ಗೊತ್ತು. ರೋಲರ್ ಎರಕ ಹೊಯ್ಯುವುದರಲ್ಲಿ ಆರ್ಮುಗಣ್ಣನಷ್ಟು ಅಚ್ಚುಕಟ್ಟು ಬೇರೆ ಯಾರೂ ಇರಲಿಲ್ಲ. ಆದರೆ ನನ್ನ ಹಾಗೇ ಯಂತ್ರ ಮಾಡುವ ಬೇರೆಯವರೂ ಅವರ ಹತ್ತಿರವೇ ಬರುತ್ತಿದ್ದರು. ಓರೆ ಆ ಬೇರೆಯವರಿಗೆ ತಿಳಿದರೆ ನಾನು ಬಾಗಿಲು ಹಾಕುವುದೊಂದೇ ಬಾಕಿ.

ನನ್ನ ಅತ್ತಿಗೆ ವಕೀಲರು. ಬಾಯಿಬಡುಕ ಅಂತ ನೀನೇ ಹೇಳ್ತೀಯ, ಕರಾರು ಮಾಡಿಸದೆ ಡ್ರಾಯಿಂಗ್ ತೋರಿಸಿದರೆ ನನ್ನ ಹತ್ತಿರ ಅಳುತ್ತಾ ಬರಬೇಡ ಎಂದು ಗದರಿ, ಗೋಪ್ಯತೆಯ ಕರಾರೊಂದನ್ನು ಬರೆದುಕೊಟ್ಟರು. ಡ್ರಾಯಿಂಗನ್ನಾಗಲಿ, ಮರದ ಅಚ್ಚನ್ನಾಗಲಿ ಬೇರೆಯವರಿಗೆ ತೋರಿಸಕೂಡದು, ಅದರ ಬಗ್ಗೆ ಬಾಯಿ ಬಿಡಕೂಡದು. ಅದನ್ನು ಹಿಡಿದು ಹೋದಾಗ ನನಗೆ ಒಳಗೊಳಗೇ ಅಳುಕು. ಹಿರಿಯ ಮನುಷ್ಯ, ಬೇಜಾರು ಮಾಡಿಕೊಂಡರೆ?

ಅವರು ಬೇಜಾರು ಮಾಡಿಕೊಳ್ಳಲಿಲ್ಲ. ಅಲ್ಲೇ ಬಿಲ್ಲು ಬರೆಯುತ್ತಿದ್ದ ಮಗಳು ಸೆಲ್ವಿಯ ಕೈಯಲ್ಲಿ ಓದಿಸಿ, ಕಣ್ಣು ಮುಚ್ಚಿ ಕೇಳಿದರು. ಆಮೇಲೆ ನನ್ನ ಕಡೆ ತಿರುಗಿದರು.

“ಎಲ್ಲಾ ಸರಿ ಸಾರ್. ನಿಮ್ಮ ಗುಟ್ಟು ನಾನು ಹೇಳ್ಬಾರ್ದು. ನನ್ನ ಗುಟ್ಟು ನೀವು ಹೇಳ್ಬಾರ್ದು ಅಂತ ಎಲ್ಲಿದೆ?”

ಅವರ ಗುಟ್ಟು ಮರಳಿನದು. ಮರದ ಅಚ್ಚನ್ನು ಮರಳಿನಲ್ಲಿ ಒತ್ತಿ ತೆಗೆದು, ಉಳಿದ ಗುಳಿಯೊಳಗೆ ಕರಗಿದ ಕಬ್ಬಿಣ ಹೊಯ್ಯುತ್ತಾರೆ. ಮರಳು ಕೈಕೊಟ್ಟರೆ ಎರಕದ ತುಂಬ ತೂತು. ಆರ್ಮುಗಣ್ಣ ಬೆಳಿಗ್ಗೆ ಎಲ್ಲರನ್ನೂ, ಮಗಳನ್ನೂ ಸಹ, ಹೊರಗೆ ನಿಲ್ಲಿಸಿ ತಗಡಿನ ಬಾಗಿಲು ಎಳೆದುಕೊಂಡು ಮರಳಿಗೆ ಏನೋ ಬೆರೆಸುತ್ತಿದ್ದರು. ಹಿಂದೊಮ್ಮೆ ಬೇಗ ಬಂದ ನಾನು ತಿಳಿಯದೆ ಹಿತ್ತಿಲ ಬಾಗಿಲಿನಿಂದ ಒಳಗೆ ಹೋಗಿ ಎಲ್ಲವನ್ನೂ ನೋಡಿಬಿಟ್ಟಿದ್ದೆ. ಆವತ್ತು ತುಟಿ ಪಿಟಕ್ಕೆನ್ನದ ಮನುಷ್ಯ ಈಗ ಸರಿಯಾದ ಸಮಯ ನೋಡಿ ಹಿಡಿದರು. ಫೋನಿನಲ್ಲಿ ಕೇಳಿದರೆ ಅತ್ತಿಗೆ ನಕ್ಕು, ನ್ಯಾಯವಾಗಿಯೇ ಇದೆ ಎಂದರು. ಕರಾರು ತಿದ್ದಿ ಬರೆಸಿ ಇಬ್ಬರೂ ಸಹಿ ಹಾಕಿದೆವು.

ಅಲ್ಲಿಂದ ಮುಂದೆ ನನ್ನ ಅಚ್ಚು ಗೋಣಿಚೀಲದ ಮುಸುಕಿನಲ್ಲೇ ಇರುತ್ತಿತ್ತು. ಒಮ್ಮೆ ಅಳತೆ ನೋಡಿ ಬರಲು ನನ್ನ ಫಿಟ್ಟರನ್ನು ಕಳಿಸಿದೆ. ಆರ್ಮುಗಣ್ಣ ಅವನಿಗೆ ಟೀ ಕುಡಿಸಿ, ಪಕ್ಕದ ಬೀದಿಯ ಎರಡನೇ ಮದುವೆಯ ಪೂರ್ತಿ ಕಥೆ ಹೇಳಿ, ಅಚ್ಚು ಮಾತ್ರ ತೋರಿಸದೆ ವಾಪಸು ಅಟ್ಟಿದರು. ನನಗೆ ರೇಗಿತು. ಫೋನ್ ಮಾಡಿ ಕೂಗಾಡಿದೆ.

“ಪೇಪರಲ್ಲಿ ಅವನ ಹೆಸರಿಲ್ಲ ಮಾರಾಯ್ರೆ. ನೀವೇ ಬನ್ನಿ” ಎಂದು ಇಟ್ಟೇಬಿಟ್ಟರು.

ಉರಿಬಿಸಿಲಲ್ಲಿ ಬಸ್ಸು ಹತ್ತಿದೆ. ದಾರಿಯುದ್ದಕ್ಕೂ ಬೈದುಕೊಂಡೆ. ಆದರೆ ನನ್ನ ಗುಟ್ಟು ಎಷ್ಟು ಭದ್ರವಾಗಿದೆ ಎಂಬುದು ಗೊತ್ತಾದದ್ದೂ ಆವತ್ತೇ.

ಹೋದ ವರ್ಷ ಆರ್ಮುಗಣ್ಣನಿಗೆ ಪಾರ್ಶ್ವವಾಯು ಬಡಿಯಿತು. ಬಲಗೈ ಹೋಯಿತು, ಮಾತೂ ಹೋಯಿತು. ಯಾರ ಮಾತು ಹೋದರೂ ಅವರ ಮಾತು ಹೋಗಬಾರದಿತ್ತು. ಫೌಂಡ್ರಿ ಸೆಲ್ವಿಯ ತಲೆಗೆ ಬಂತು. ಮರಳಿನ ವಿಷಯ ಹೇಳೋಣ ಹೇಳೋಣ ಎನ್ನುತ್ತಲೇ ಅವರು ದಿನ ದೂಡಿದ್ದರು. ಎರಕವೆಲ್ಲ ತೂತು ಬೀಳತೊಡಗಿತು, ಗಿರಾಕಿಗಳು ಒಬ್ಬೊಬ್ಬರಾಗಿ ಕಳಚಿಕೊಂಡರು.

“ಅಣ್ಣಾ, ಹೀಗೇ ಆದ್ರೆ ಮುಚ್ಚಬೇಕಾಗತ್ತೆ. ಅಪ್ಪ ಮರಳಿಗೆ ಏನು ಹಾಕ್ತಿದ್ರು? ನಿಮಗೆ ಗೊತ್ತಲ್ಲ” ಎಂದಳು.

ನಾಲಿಗೆ ತುದಿಯವರೆಗೆ ಬಂತು. ಆದರೆ ಸಹಿ ಹಾಕಿದ್ದೇನಲ್ಲ! ಕರಾರಿನಲ್ಲಿ ಮಗಳಿಗೆಂದು ವಿನಾಯಿತಿ ಬರೆದಿರಲಿಲ್ಲ. ಅವರನ್ನೇ ಕೇಳೋಣ ಬಾ ಎಂದು ಅವಳ ಜೊತೆ ಮನೆಗೆ ಹೋದೆ.

ಮಂಚದ ಮೇಲೆ ಮಲಗಿದ್ದರು. ಹತ್ತಿರ ಕೂತು, “ಅಣ್ಣಾ, ಮರಳಿನ ವಿಷಯ ಸೆಲ್ವಿಗೆ ಹೇಳ್ಲಾ?” ಎಂದೆ. ಮಗಳನ್ನೇ ನೋಡುತ್ತ ಉಳಿದರು. ಅರ್ಥವಾಗಲಿಲ್ಲವೇನೋ ಅಂದುಕೊಂಡೆ. ಆಮೇಲೆ ಎಡಗೈ ನಿಧಾನಕ್ಕೆ ಎತ್ತಿ, ಬೆರಳು ಕೂಡಿಸಿ, ಗಾಳಿಯಲ್ಲಿ ಒಂದು ಗೀಟು ಎಳೆದರು. ಸೆಲ್ವಿ ನೀರು ತರಲು ಎದ್ದಳು.

“ನೀರಲ್ಲ ಕಣಮ್ಮ. ಮೊದಲು ಸಹಿ ಹಾಕು ಅಂತಿದ್ದಾರೆ.”

ಅವಳು ನಕ್ಕಳು, ನಗುತ್ತಲೇ ಅತ್ತಳು. ಒಂದು ಬಿಳಿ ಹಾಳೆಯ ಮೇಲೆ, ಯಾರಿಗೂ ಹೇಳುವುದಿಲ್ಲ ಎಂದು ಬರೆದು ಸಹಿ ಮಾಡಿ ಅಪ್ಪನ ಕಣ್ಣ ಮುಂದೆ ಹಿಡಿದಳು. ಅವರು ತಲೆಯಾಡಿಸಿದರು. ಆಮೇಲೆಯೇ ನಾನು ಅವಳ ಕಿವಿಯಲ್ಲಿ ಹೇಳಿದ್ದು. ಎಲ್ಲಿ ತಪ್ಪಿ ಹೇಳುತ್ತೇನೋ ಎಂದು ಅವರು ನನ್ನ ತುಟಿಯನ್ನೇ ನೋಡುತ್ತಿದ್ದರು.

ತೂತಿಲ್ಲದ ಮೊದಲ ರೋಲರನ್ನು ಅವರಿಗೆ ತೋರಿಸಿದೆವು. ಎಡಗೈಯಲ್ಲಿ ಸವರಿ ಸವರಿ ನೋಡಿದರು. ಕೆಲವೇ ದಿನಕ್ಕೆ ತೀರಿಕೊಂಡರು.

ಮರಳಿಗೆ ಏನು ಬೆರೆಸುತ್ತಾರೆ ಎಂದು ನೀವು ಮಾತ್ರ ಕೇಳಬೇಡಿ. ಸೆಲ್ವಿ ಈಗಲೂ ಬೆಳಿಗ್ಗೆ ತಗಡಿನ ಬಾಗಿಲು ಎಳೆದುಕೊಳ್ಳುತ್ತಾಳೆ. ಎಲ್ಲ ಗೊತ್ತಿರುವ ನನ್ನನ್ನೂ ಹೊರಗೇ ನಿಲ್ಲಿಸುತ್ತಾಳೆ. ನಾನು ಸುಮ್ಮನೆ ನಿಂತು ಕಾಯುತ್ತೇನೆ. ಊರಲ್ಲಿ ಯಾರ ಮದುವೆ ಮುರಿಯಿತೋ, ಯಾರು ಯಾರ ಜೊತೆ ಮಾತು ಬಿಟ್ಟರೋ, ನನಗೀಗ ಒಂದೂ ಗೊತ್ತಾಗುವುದಿಲ್ಲ.