ಚಲುವಮ್ಮನವರ ಸೂಟ್‌ಕೇಸ್

ಮೈಸೂರಿನ ನಜರ್‌ಬಾದಿನಲ್ಲಿ ಮನೆ ಮಾಡಿದ್ದೇ ಚಲುವಮ್ಮನವರ ತಪ್ಪು. ಮೃಗಾಲಯ ಹತ್ತಿರ, ಅರಮನೆ ಹತ್ತಿರ. ಬೇಸಿಗೆ ಬಂತೆಂದರೆ ನೆಂಟರಿಗೆ ಆ ಮನೆಯೇ ಛತ್ರ. ಹಾಸ್ಟೆಲ್ಲಿನಲ್ಲಿ ಅಡುಗೆ ಮಾಡುವ ಅವರಿಗೆ ರಜೆ ಸಿಗುವುದೂ ಬೇಸಿಗೆಯಲ್ಲೇ.

ಶ್ರೀಲಂಕಾಕ್ಕೆ ಹೋಗಿ ಅನುರಾಧಪುರದ ಬೋಧಿವೃಕ್ಷವನ್ನು ಕಣ್ಣಾರೆ ನೋಡಬೇಕೆಂದು ಅವರ ಆಸೆ. ಬುದ್ಧವಿಹಾರದವರ ಗುಂಪಿನಲ್ಲಿ ಹೋದರೆ ಖರ್ಚೂ ಕಡಿಮೆ. ಆದರೆ ಒಂದು ವರ್ಷ ನಾದಿನಿಯ ಸಂಸಾರ ಬಂತು, ಮರುವರ್ಷ ಬೀಗರು ಬಂದರು. "ಮೈಸೂರಲ್ಲೇ ಇದೀರ, ನಿಮ್ಗ್ಯಾಕ್ರೀ ಟೂರು?" ಎಂದು ಬೀಗರು ನಕ್ಕರು. ಬರಬೇಡಿ ಎನ್ನಲು ಚಲುವಮ್ಮನವರಿಗೆ ಬಾಯಿ ಬರುವುದಿಲ್ಲ. ಪಕ್ಕದ ಮನೆಯಲ್ಲಿ ಕೂತು ಹಲ್ಲು ಕಡಿಯುವುದಷ್ಟೇ ನನ್ನ ಕೆಲಸ.

ಈ ವರ್ಷ ಚಕ್ರವಿರುವ ಹೊಸ ಸೂಟ್‌ಕೇಸನ್ನೇ ತಂದರು. ವಿಹಾರಕ್ಕೆ ಉಡುವ ಬಿಳಿ ಸೀರೆಯನ್ನು ಅದರಲ್ಲಿಟ್ಟ ದಿನವೇ ತಂಗಿಯ ಮಗಳು ಪ್ರೀತಿಯ ಫೋನು. "ದೊಡ್ಡವ್ವ, ಮಕ್ಳು ಜಿರಾಫೆ ನೋಡ್ಬೇಕಂತೆ. ನಾಳೆ ಬಂದ್ಬುಡ್ತೀವಿ."

"ಬನ್ನಿ ಕಣವ್ವ," ಎಂದರು.

ಗುಂಪಿನವರು ಕೊಲಂಬೊದಲ್ಲಿ ಇಳಿದ ದಿನ ಚಲುವಮ್ಮ ಜಿರಾಫೆಯ ಮುಂದೆ ಮಕ್ಕಳ ನೀರಿನ ಬಾಟಲಿ ಹಿಡಿದು ನಿಂತಿದ್ದರು.

ಊರಿಗೆ ಹೊರಡುವಾಗ ಪ್ರೀತಿಯ ಬ್ಯಾಗಿನ ಜಿಪ್ಪು ಕಿತ್ತುಹೋಯಿತು. ಚಲುವಮ್ಮ ಹೊಸ ಸೂಟ್‌ಕೇಸ್ ತಂದು, ಬಿಳಿ ಸೀರೆಯನ್ನು ಹೊರಗಿಟ್ಟು, ಅವರ ಬಟ್ಟೆಗಳನ್ನು ತಾವೇ ಮಡಚಿ ತುಂಬಿದರು.

"ನಿಮ್ಗೆ ಬೇಡ್ವಾ ದೊಡ್ಡವ್ವ?"

"ನಂಗ್ಯಾಕವ್ವ? ಮೈಸೂರಲ್ಲೇ ಇದೀನಲ್ಲ."