ಗುರ್ಲಿ ಬಾಚಿದ ಜಲ್ಲಿ ದಾರಿ

ಗುರ್ಲಿಯನ್ನು ಅನುಮಾನದ ಪಿಶಾಚಿ ಎಂದು ಯಾರಾದರೂ ಅಂದರೆ ನನಗೆ ಮೈ ಉರಿಯುತ್ತದೆ. ಆ ಸಲ ಅವಳಿಗೆ ಚಾಡಿ ಹೇಳಿದವನು ನಾನು, ಈ ಊರಿನ ವಸತಿಗೃಹ ನಡೆಸುವ ಪ್ರೆಬೆನ್.

ನಮ್ಮೂರು ವೀಬೆಲುಂಡಿನ ಚರ್ಚಿನ ಗಂಟೆ, ಬೀಗ, ಗೋರಿಗಳನ್ನೆಲ್ಲ ಇಪ್ಪತ್ತಾರು ವರ್ಷದಿಂದ ನೋಡಿಕೊಂಡು ಬಂದವಳು ಗುರ್ಲಿ. ಹನ್ನೊಂದು ವರ್ಷದ ಹಿಂದೆ, ಛಾವಣಿಯ ಹಳೆಯ ಚಿತ್ರಗಳನ್ನು ನೋಡಬೇಕೆಂದು ಬಂದ ಒಬ್ಬ ಸಭ್ಯಸ್ಥನ ಕೈಗೆ ಬೀಗದ ಕೈ ಕೊಟ್ಟು, ಒಲೆಯ ಮೇಲಿನ ಆಲೂಗಡ್ಡೆ ಇಳಿಸಲು ಮನೆಗೆ ಹೋದಳು. ವಾಪಸ್ಸು ಬಂದರೆ ಆ ಮನುಷ್ಯನೂ ಇಲ್ಲ, ಹಿತ್ತಾಳೆಯ ಜೋಡಿ ದೀಪಸ್ತಂಭಗಳೂ ಇಲ್ಲ. ಅವಳನ್ನು ಯಾರೂ ಬೈಯಲಿಲ್ಲ. ನಮ್ಮೂರಿನವರು ಬೈಯುವುದಿಲ್ಲ, ಕಾಫಿಗೆ ಕರೆಯುವುದನ್ನು ನಿಲ್ಲಿಸುತ್ತಾರೆ. ಎರಡು ಚಳಿಗಾಲ ಅವಳನ್ನು ಯಾರೂ ಕರೆಯಲಿಲ್ಲ.

ಆಮೇಲೆ ಬೀಗದ ಕೈಗೊಂಚಲು ಅವಳ ಸೊಂಟ ಬಿಟ್ಟು ಇಳಿಯಲಿಲ್ಲ. ಗೋರಿಗಳ ನಡುವಿನ ಜಲ್ಲಿ ದಾರಿಯನ್ನು ಮೊದಲು ಶನಿವಾರಗಳಲ್ಲಿ ಮಾತ್ರ ಬಾಚುತ್ತಿದ್ದವಳು ಈಗ ದಿನಾ ಸಂಜೆ ಬಾಚತೊಡಗಿದಳು. ಬೆಳಿಗ್ಗೆ ಎದ್ದು, ಯಾರ ಹೆಜ್ಜೆ ಎಲ್ಲಿ ಬಿದ್ದಿದೆ ಎಂದು ನೋಡುವುದು. "ಇನ್ನೊಂದ್ಸಲ ಹಾಗಾದ್ರೆ ನಾನು ಈ ಊರಲ್ಲಿ ಇರಲ್ಲ ಪ್ರೆಬೆನ್," ಅನ್ನುತ್ತಿದ್ದಳು.

ಮೇ ತಿಂಗಳಲ್ಲಿ ಎಸ್ಬೆನ್ ಎಂಬ ಐವತ್ತರ ಆಸಾಮಿ ನನ್ನ ವಸತಿಗೃಹದಲ್ಲಿ ಇಳಿದುಕೊಂಡ. ಪ್ರವಾಸಿ ಅಂದ. ಪ್ರವಾಸಿಗಳು ಹಳೇ ದೊರೆಯನ್ನು ಹೂತ ಮಣ್ಣುಗುಡ್ಡೆ ಹತ್ತಿ ಉಸಿರು ಬಿಡುತ್ತಾರೆ, ಚರ್ಚಿನ ಬಾಗಿಲಲ್ಲಿರುವ ರೂನ್ ಎಂಬ ಪ್ರಾಚೀನ ಲಿಪಿ ಕೆತ್ತಿದ ಕಲ್ಲನ್ನು ಸವರುತ್ತಾರೆ, ಹೋಗುತ್ತಾರೆ. ಇವನು ಎರಡನ್ನೂ ಅರ್ಧ ಗಂಟೆಯಲ್ಲಿ ಮುಗಿಸಿದ. ಆಮೇಲೆ ಎರಡು ದಿನ ಸ್ಮಶಾನ ಸುತ್ತಿದ. ಹಾಸಿಗೆ ಸರಿಮಾಡಲು ಹೋದಾಗ ಅವನ ಚೀಲ ಬಾಯಿ ತೆರೆದಿತ್ತು. ಇಣುಕಿದೆ. ಇಣುಕಬಾರದಿತ್ತು.

ನೇರ ಗುರ್ಲಿಯ ಮನೆಗೆ ಓಡಿದೆ.

"ಪ್ರವಾಸಿ ಅಂತೆ ಪ್ರವಾಸಿ! ಚೀಲದಲ್ಲಿ ಕರಣೆ, ತಂತಿ ಬ್ರಶ್ಶು, ದಪ್ಪ ಬಟ್ಟೆ. ರೂನ್ ಕಲ್ಲಿಗೇ ಕಣ್ಣು ಹಾಕಿದಾನೆ ಕಣೇ."

"ಹೌದೌದು, ನಾಲ್ಕು ಎತ್ತಿನ ಭಾರದ ಕಲ್ಲನ್ನ ಚೀಲದಲ್ಲಿ ಹಾಕ್ಕೊಂಡ್ ಹೋಗ್ತಾನೆ," ಎಂದು ನಕ್ಕಳು. ಆದರೆ ಮುಖ ಬಿಳಿಚಿಕೊಂಡಿತ್ತು. "ಅವನ ಹೆಜ್ಜೆ ನಾನೂ ನೋಡಿದೀನಿ. ಮೂರನೇ ಸಾಲಿನ ಖಾಲಿ ಹುಲ್ಲಿನ ಹತ್ರ ತುಂಬಾ ಹೊತ್ತು ನಿಂತಿದಾನೆ. ಅಲ್ಲಿಂದ ಸೀದಾ ಚರ್ಚಿನ ಸಾಮಾನು ಶೆಡ್ಡಿನ ಕಡೆಗೆ. ಅಲ್ಲೇನು ಅವರಪ್ಪನ ಗಂಟು ಇಟ್ಟಿದಾನಾ?"

ಶೆಡ್ಡಿನ ಹಿಂದಿನ ಅಂಗಳದಲ್ಲಿದ್ದದ್ದು ಕಿತ್ತ ಗೋರಿಕಲ್ಲುಗಳು. ನಮ್ಮಲ್ಲಿ ಸತ್ತವರಿಗೂ ಅವಧಿ ಇದೆ. ಇಪ್ಪತ್ತೈದು ವರ್ಷ ಕಳೆದರೆ ಮನೆಯವರಿಗೆ ಕಾಗದ ಹೋಗುತ್ತದೆ. ಉತ್ತರ ಬರದಿದ್ದರೆ ಒಂದು ವರ್ಷ ಗೋರಿಯ ಮೇಲೆ ಚೀಟಿ ಇರುತ್ತದೆ. ಅದಕ್ಕೂ ಯಾರೂ ಬರದಿದ್ದರೆ ಕಲ್ಲು ಕಿತ್ತು ಮಕಾಡೆ ಮಲಗಿಸುತ್ತಾರೆ, ಅಲ್ಲಿ ಹುಲ್ಲು ಬೆಳೆಯುತ್ತದೆ. ಕಲ್ಲು ಕ್ರಷರಿಗೆ ಹೋಗುತ್ತದೆ. ಲಾರಿ ಬರುವುದು ಶುಕ್ರವಾರವಿತ್ತು.

ಗುರ್ಲಿ ಬುಧವಾರವೇ ಆ ಅಂಗಳಕ್ಕೆ ಬೀಗ ಜಡಿದಳು. ಮಧ್ಯಾಹ್ನ ನಾನೂ ಅಲ್ಲಿದ್ದಾಗ ಎಸ್ಬೆನ್ ಬಂದ.

"ಶೆಡ್ಡಿನ ಹಿಂದೆ ಒಂದ್ನಿಮಿಷ ನೋಡ್ಬಹುದಾ?"

"ಯಾಕೆ?"

"ಸುಮ್ನೆ... ಹಳೇ ಕಲ್ಲು ಅಂದ್ರೆ ಇಷ್ಟ."

"ಹಳೇ ಕಲ್ಲು ಬಾಗಿಲಲ್ಲೇ ಇದೆ, ಸಾವಿರ ವರ್ಷದ್ದು. ಕಣ್ತುಂಬಾ ನೋಡಿ. ಹಿಂದೆ ಇರೋದು ಕಸ."

ಅವನ ಮುಖ ಸಪ್ಪಗಾಯಿತು. ತಲೆ ತಗ್ಗಿಸಿಕೊಂಡು ಹೋದ. ಸಿಕ್ಕಿಬಿದ್ದ ಕಳ್ಳ ಹೀಗೇ ಹೋಗುವುದು ಅಂದುಕೊಂಡು ನಾನು ಒಳಗೊಳಗೇ ಬೀಗಿದೆ.

ಶುಕ್ರವಾರ ಬೆಳಿಗ್ಗೆ ಅವನಿಗೆ ಕಪ್ಪು ರೊಟ್ಟಿ, ಮೀನು ಬಡಿಸುತ್ತಿದ್ದೆ. ಕಿಟಕಿಯಾಚೆ ಕಲ್ಲು ತುಂಬಿದ ಲಾರಿ ಹೋಯಿತು.

"ಏನದು?"

"ಶೆಡ್ಡಿನ ಹಿಂದಿನ ಗೋರಿಕಲ್ಲು. ಪುಡಿ ಮಾಡಿ ರಸ್ತೆಗೆ ಹಾಕ್ತಾರೆ."

ಅವನು ತಟ್ಟೆ ಬಿಟ್ಟು ಎದ್ದ. ಕೋಟನ್ನೂ ಹಾಕದೆ ಓಡಿದ. ನಾನೂ ಹಿಂದೆಯೇ ಓಡಿದೆ. ಗುರ್ಲಿ ಖಾಲಿ ಅಂಗಳವನ್ನು ಗುಡಿಸುತ್ತಿದ್ದಳು.

"ಅದ್ರಲ್ಲಿ ನಮ್ಮಮ್ಮನ ಕಲ್ಲಿತ್ತು," ಅಂದ. "ಟೋವೆ ರಾವ್ನ್."

ಗುರ್ಲಿ ಪೊರಕೆ ಬಿಟ್ಟು ಫೋನಿಗೆ ಹಾರಿದಳು. ಚಾಲಕ ಎತ್ತಲಿಲ್ಲ. ನನ್ನ ಕಾರಿನಲ್ಲಿ ಮೂವರೂ ಕ್ರಷರಿಗೆ ಹೋದೆವು. ಕಲ್ಲುಗಳು ಆಗಲೇ ಬೂದು ಬಣ್ಣದ ಜಲ್ಲಿ ರಾಶಿಯಾಗಿ ಬಿದ್ದಿದ್ದವು.

"ಯಾಕಪ್ಪಾ, ಒಂದ್ಮಾತು ಹೇಳ್ಬಾರ್ದಿತ್ತಾ?" ಗುರ್ಲಿ ಅವನನ್ನು ಕೇಳಿದಳು.

"ನಿಮ್ಮ ಕಾಗದ ನನಗೆ ಬಂದಿತ್ತು. ಹಡಗಿನ ಕೆಲಸ ನಂದು. ಎರಡು ವರ್ಷ ಪೆಟ್ಟಿಗೇಲಿ ಇಟ್ಕೊಂಡಿದ್ದೆ, ಮೊನ್ನೆವರೆಗೂ ಒಡೀಲಿಲ್ಲ. ಅದನ್ನ ಯಾವ ಬಾಯಲ್ಲಿ ಹೇಳ್ಲಿ? ಕಲ್ಲು ತೊಳೆದು ತಗೊಂಡ್ ಹೋಗೋಣ ಅಂತ ಬಂದೆ."

ಕರಣೆ, ಬ್ರಶ್ಶು, ಬಟ್ಟೆ. ನನಗೆ ನೆಲ ಬಾಯಿಬಿಡಬಾರದೇ ಅನ್ನಿಸಿತು.

ಊರಿಗೆ ಮರಳಿದ ಮೇಲೆ ಗುರ್ಲಿ ಅವನನ್ನು ಮೂರನೇ ಸಾಲಿಗೆ ಕರೆದುಕೊಂಡು ಹೋಗಿ ಖಾಲಿ ಹುಲ್ಲಿನ ಮೇಲೆ ಮಂಡಿಯೂರಿದಳು. "ತಲೆ ಇಲ್ಲಿ, ಕಾಲು ಅಲ್ಲಿ. ಇಷ್ಟು ವರ್ಷ ಹೂ ನೆಟ್ಟಿದೀನಿ, ನನಗೆ ಗೊತ್ತು. ಹೋಗಿದ್ದು ಕಲ್ಲು. ನಿಮ್ಮಮ್ಮ ಎಲ್ಲೂ ಹೋಗಿಲ್ಲ."

ಆಮೇಲೆ ಸೊಂಟದ ಗೊಂಚಲನ್ನು ಬಿಚ್ಚಿ ಅವನ ಕೈಗಿಟ್ಟಳು.

"ಎಷ್ಟು ಹೊತ್ತು ಬೇಕೋ ಇರಿ. ಚರ್ಚೊಳಗೂ ಹೋಗಿ ಕೂತ್ಕೊಳ್ಳಿ. ನಾನು ಮನೇಲಿ ಆಲೂಗಡ್ಡೆ ಬೇಯೋಕ್ಕಿಡ್ತೀನಿ, ಊಟಕ್ಕೆ ಬನ್ನಿ."

ಆ ಸಂಜೆ ಅವಳು ದಾರಿ ಬಾಚಲಿಲ್ಲ. ಮರುದಿನ ಎಸ್ಬೆನ್ ಊರು ಬಿಟ್ಟ. ತಂತಿ ಬ್ರಶ್ಶನ್ನು ತಾನು ಇಳಿದುಕೊಂಡಿದ್ದ ಕೋಣೆಯಲ್ಲೇ ಬಿಟ್ಟು ಹೋಗಿದ್ದ. ಉಜ್ಜುವುದಕ್ಕೆ ಅವನಿಗೆ ಕಲ್ಲಿರಲಿಲ್ಲ.