ಠಾಣೆಯಲ್ಲಿ ಕೋವಿ, ಮಾಳದಲ್ಲಿ ಬಂಗಾರಕ್ಕ

ಬೆಳಗಿನ ಐದೂವರೆ ಗಂಟೆ. ಕುಮಟಾ ಪೇಟೆಯ ಪಕ್ಕದ ಹೊಳನಗದ್ದೆಯಲ್ಲಿ, ಗುಡ್ಡದ ಬುಡದ ಕೊನೇ ಗದ್ದೆಯ ಮಾಳದ ಮೇಲೆ ಬಂಗಾರಿ ಪಟಗಾರ ಕಾಲು ಮಡಚಿ ಕೂತಿದ್ದಾರೆ. ಗಾಳಿಮರದ ನಾಲ್ಕು ಕಂಬ, ಮೇಲೆ ತೆಂಗಿನ ಮಡಲಿನ ಚಪ್ಪರ, ಕೂರಲು ಎರಡು ಹಲಗೆ. ಗದ್ದೆ ಕಾಯುವವರ ಅಟ್ಟ ಅಂದರೆ ಇಷ್ಟೇ. ತೊಡೆಯ ಮೇಲೊಂದು ಖಾಲಿ ಎಣ್ಣೆ ಡಬ್ಬ, ಕೈಯಲ್ಲೊಂದು ಕೋಲು. ಭತ್ತ ಹಾಲುಗಟ್ಟಿ ತಲೆ ಬಗ್ಗಿಸುತ್ತಿರುವ ಹೊತ್ತು. ಗುಡ್ಡದ ಅಂಚಿನ ಪೊದೆ ಅಲ್ಲಾಡಿದ್ದೇ ತಡ, ಬಂಗಾರಿ ಎದ್ದು ನಿಂತು ಡಬ್ಬ ಬಡಿಯುತ್ತಾರೆ. "ಹೂಯ್! ಹೂಯ್!" ಎಂಬ ಕೂಗು ಗುಡ್ಡಕ್ಕೆ ಬಡಿದು ವಾಪಸ್ಸು ಬರುತ್ತದೆ. ಹಂದಿಗಳು ಮಾತ್ರ ಹೋಗುವುದಿಲ್ಲ.

"ಮೊದಮೊದ್ಲು ಓಡ್ತಿದ್ವು. ಈಗ ತಲೆ ಎತ್ತಿ ನೋಡ್ತವೆ. 'ಓ, ಬಂಗಾರಕ್ಕನ ಡಬ್ಬ' ಹೇಳಿ ಮತ್ತೆ ಮೇಯ್ತವೆ," ಎಂದು ನಗುತ್ತಾರೆ. ನಗು ಅರ್ಧಕ್ಕೇ ನಿಲ್ಲುತ್ತದೆ. ನಿನ್ನೆ ಒಂದೇ ಬೆಳಗ್ಗೆ ನಾಲ್ಕು ಗುಂಟೆ ಪೈರು ನೆಲಸಮ ಆಗಿದೆ. ಹಂದಿ ತಿಂದದ್ದಕ್ಕಿಂತ ಹೊರಳಾಡಿ ಹಾಳು ಮಾಡಿದ್ದೇ ಹೆಚ್ಚು. ಹೊಟ್ಟೆ ಉರಿಯದೆ ಇರುತ್ತದೆಯೇ?

ಈ ಮಾಳಕ್ಕೊಂದು ಕೋವಿ ಇತ್ತು. ಬೆಳೆ ರಕ್ಷಣೆಗೆಂದು ಲೈಸೆನ್ಸ್ ಪಡೆದ, ಒಂಟಿ ನಳಿಗೆಯ ಹಳೇ ಕೇಪಿನ ಕೋವಿ. ನಳಿಗೆಯ ಬಾಯಿಯಿಂದ ಮದ್ದು ತುಂಬಿ, ಗಜದಲ್ಲಿ ಜಡಿದು, ಹಿಂದೆ ಕೇಪು ಇಟ್ಟು ಹೊಡೆಯುವಂಥದ್ದು. ಬಂಗಾರಿಯವರ ಗಂಡ ಗಣಪ ಪಟಗಾರರಿಗೆ ಅವರಪ್ಪನಿಂದ ಬಂದದ್ದು. ಗಣಪ ಅದರಲ್ಲಿ ಒಂದೇ ಒಂದು ಪ್ರಾಣಿಯನ್ನು ಕೊಂದವರಲ್ಲ. ಗುಂಡಿಲ್ಲದೆ ಬರೀ ಮದ್ದು ತುಂಬಿ, ಬೆಳಕು ಹರಿಯುವ ಹೊತ್ತಿಗೆ ಆಕಾಶಕ್ಕೆ ಒಂದು ಈಡು. ಅಷ್ಟಕ್ಕೇ ಹಂದಿ, ಮಂಗ, ನವಿಲು ಎಲ್ಲ ಗುಡ್ಡ ಹತ್ತುತ್ತಿದ್ದವು. ಆ ಸದ್ದಿಗೆ ಮನೆಯಲ್ಲಿ ಇನ್ನೊಂದು ಕೆಲಸವೂ ಇತ್ತು. ಕಾವಲು ಮುಗಿಯಿತು, ಇಳಿದು ಬರುತ್ತಿದ್ದೇನೆ ಎಂದು ಗಣಪ ಹೆಂಡತಿಗೆ ಹೇಳುತ್ತಿದ್ದದ್ದೂ ಅದರಲ್ಲೇ.

"ಈಡು ಕೇಳ್ತು ಅಂದ್ರೆ ನಾ ಒಲೆ ಮೇಲೆ ಎರಡು ಲೋಟ ನೀರು ಇಡ್ತಿದ್ದೆ. ಅದು ಕುದ್ದು ಚಾ ಆಗೂದಕ್ಕೂ ಅವ್ರು ಬಂದು ಜಗಲಿ ಮೇಲೆ ಕೂರೂದಕ್ಕೂ ಸರಿ ಆಗ್ತಿತ್ತು. ಇಪ್ಪತ್ತೆಂಟು ವರ್ಷ ಹಂಗೇ ನಡೀತು."

ಆರು ವರ್ಷದ ಹಿಂದೆ ಶ್ರಾವಣದಲ್ಲಿ ಗಣಪ ಎದೆನೋವೆಂದು ಮಲಗಿದವರು ಏಳಲಿಲ್ಲ. ಕೋವಿ ಮಾಡಿನ ಕೆಳಗಿನ ಗೂಟದಲ್ಲಿ ತೂಗಿಕೊಂಡೇ ಇತ್ತು. ಬಂಗಾರಿ ಮಾಡಿದ ತಪ್ಪು ಇಲ್ಲಿಂದಲೇ ಶುರು. ಅದನ್ನು ತಪ್ಪು ಅನ್ನಲು ಬಾಯಿ ಬರುವುದಿಲ್ಲ, ಏನು ಮಾಡೋದು ಹೇಳಿ. ಅವರ ಮನೆತನದಲ್ಲೊಂದು ನಡಾವಳಿ ಇದೆ. ಸತ್ತವರು ಕೈಯಾರೆ ಬಳಸಿದ ವಸ್ತು ವರ್ಷದ ತಿಥಿ ಮುಗಿಯುವವರೆಗೆ ಹೊಸಿಲು ದಾಟಬಾರದು. ಗಣಪರ ಕತ್ತಿ, ಕಂಬಳಿ, ಎಲೆಯಡಿಕೆ ಸಂಚಿ ಎಲ್ಲ ಇದ್ದಲ್ಲೇ ಇದ್ದವು. ಕೋವಿಯೂ ಇತ್ತು. ಬಂಗಾರಿ ಪ್ರತಿ ಶನಿವಾರ ಅದನ್ನಿಳಿಸಿ, ಹಳೇ ಬಟ್ಟೆಗೆ ಕೊಬ್ಬರಿ ಎಣ್ಣೆ ಅದ್ದಿ ಒರೆಸಿ, ಮತ್ತೆ ಗೂಟಕ್ಕೆ ತೂಗುತ್ತಿದ್ದರು.

ತಿಥಿ ಮುಗಿದ ಮಾರನೇ ದಿನವೇ ಲೈಸೆನ್ಸ್ ತನ್ನ ಹೆಸರಿಗೆ ಮಾಡಿಕೊಡಿ ಎಂದು ಠಾಣೆಗೆ ಹೋದರು. ಲೈಸೆನ್ಸ್‌ದಾರ ಸತ್ತ ಕೂಡಲೇ ಕೋವಿಯನ್ನು ಠಾಣೆಗೆ ಒಪ್ಪಿಸಬೇಕಿತ್ತು, ವರ್ಷವಿಡೀ ಮನೆಯಲ್ಲಿ ಇಟ್ಟುಕೊಂಡದ್ದು ಅಪರಾಧ ಎಂಬುದು ಗೊತ್ತಾದದ್ದು ಅಲ್ಲಿ. ಠಾಣೆಯವರು ಪಾಪವೆಂದು ಕೇಸು ಹಾಕಲಿಲ್ಲ. ಆದರೆ ಕಡತದಲ್ಲಿ ಒಂದು ಸಾಲು ಬರೆದರು: ಒಂದು ವರ್ಷ ವಿಳಂಬ. ಕೋವಿಗೆ ಚೀಟಿ ಕಟ್ಟಿ ಒಳಗಿನ ಕೋಣೆಯಲ್ಲಿಟ್ಟರು. ಐದು ವರ್ಷವಾಯಿತು, ಅದು ಅಲ್ಲೇ ಇದೆ. ಆ ಒಂದು ಸಾಲು ಅರ್ಜಿಯನ್ನು ಪ್ರತಿ ಸಲ ಎಡವಿಸಿ ಬೀಳಿಸುತ್ತಿದೆ.

ಬೇರೆ ಯಾರಾದರೂ ಆಗಿದ್ದರೆ ತಲೆ ಮೇಲೆ ಕೈ ಹೊತ್ತು ಕೂರುತ್ತಿದ್ದರು. ಬಂಗಾರಿ ಚೀಲ ಹೆಗಲಿಗೆ ಹಾಕಿದರು. ಏಳನೇ ಇಯತ್ತೆವರೆಗೆ ಕಲಿತ ಈ ಐವತ್ತಮೂರರ ಹೆಂಗಸಿಗೆ ಈಗ ಕೋವಿ ಲೈಸೆನ್ಸಿನ ಕಾಗದಪತ್ರಗಳು ಬಾಯಿಪಾಠ. ಪಹಣಿ, ವೈದ್ಯರ ಸರ್ಟಿಫಿಕೇಟು, ವಾರಸುದಾರರ ಒಪ್ಪಿಗೆ, ಅರಣ್ಯದವರ ಅಭಿಪ್ರಾಯ. ಯಾವ ಕಾಗದ ಯಾವ ಮೇಜಿಗೆ ಹೋಗಬೇಕೆಂದು ಕೇಳಿದರೆ ನಿದ್ದೆಗಣ್ಣಲ್ಲೂ ಹೇಳುತ್ತಾರೆ. ಕುಮಟಾ, ಹೊನ್ನಾವರ, ಭಟ್ಕಳ ಮೂರೂ ತಾಲೂಕಿನಲ್ಲಿ ಚಪ್ಪಲಿ ಸವೆಸಿದ್ದಾರೆ. ಇದುವರೆಗೆ ಅರವತ್ತಮೂರು ಮನೆಗಳ ಲೈಸೆನ್ಸ್ ನವೀಕರಣ ಮಾಡಿಸಿಕೊಟ್ಟಿದ್ದಾರೆ. ಯಾರ ಮನೆಯಲ್ಲೂ ಒಂದು ಲೋಟ ಚಾ ಬಿಟ್ಟರೆ ಬೇರೇನನ್ನೂ ಮುಟ್ಟುವುದಿಲ್ಲ.

ಕಚೇರಿಗಳ ಎದುರು ಅರ್ಜಿ ಟೈಪು ಮಾಡಿಕೊಡುವ ನಾಗರಾಜ ಹೇಳುತ್ತಾನೆ: "ಬಂಗಾರಕ್ಕ ಬಂದ್ರು ಅಂದ್ರೆ ನಂಗೆ ಹೆದ್ರಿಕೆ ಮಾರಾಯ್ರೆ. ಒಂದು ಸರ್ವೆ ನಂಬರು ಆಚೀಚೆ ಆದ್ರೂ ಬಿಡೂದಿಲ್ಲ. ಮತ್ತೆ ಹೊಡಿ ಅಂತಾರೆ."

ಚುನಾವಣೆ ಬಂದಾಗಲೆಲ್ಲ ಊರಿನ ಕೋವಿಗಳು ಠಾಣೆ ಸೇರಬೇಕು. ಭತ್ತವೋ ಶೇಂಗಾವೋ ಗದ್ದೆಯಲ್ಲಿ ನಿಂತಿದ್ದರೂ ಸರಿಯೇ. ಮತ ಎಣಿಸಿ ಕೋವಿ ವಾಪಸ್ಸು ಬರುವಷ್ಟರಲ್ಲಿ ಕಾಯಲು ಏನೂ ಉಳಿದಿರುವುದಿಲ್ಲ. ಹಿಂದಿನ ಚುನಾವಣೆಗೆ ಮೊದಲು ಬಂಗಾರಿ ಮನೆಮನೆ ತಿರುಗಿ ಇನ್ನೂರ ಹನ್ನೆರಡು ಸಹಿ, ಹೆಬ್ಬೆಟ್ಟು ಹಾಕಿಸಿದರು. ಕೋವಿ ಎಲ್ಲರಿಗೂ ಕೊಡಿ ಎಂದು ಅವರು ಕೇಳಲಿಲ್ಲ. ಗದ್ದೆಯಲ್ಲಿ ಬೆಳೆ ಇದ್ದವರದ್ದು, ಮೈಮೇಲೆ ಒಂದೂ ಕೇಸಿಲ್ಲದವರದ್ದು ಮನೆಯಲ್ಲೇ ಇರಲಿ ಎಂದರು. ಸರ್ವೆ ನಂಬರು, ಬೆಳೆ, ಕೊಯ್ಲಿನ ತಿಂಗಳು ಬರೆದ ಪಟ್ಟಿಯನ್ನೂ ಜೊತೆಗಿಟ್ಟರು. ಒಬ್ಬ ಗುಮಾಸ್ತರು ಮುಖ ನೋಡದೆ, "ಹೆಂಗಸರಿಗೆ ಎಂತಕ್ಕಮ್ಮ ಈ ಕೋವಿ ಉಸಾಬರಿ?" ಅಂದರಂತೆ. "ಹಂದಿಗೆ ಗಂಡಸರ ಗದ್ದೆ, ಹೆಂಗಸರ ಗದ್ದೆ ಹೇಳಿ ಗೊತ್ತಾಗೂದಿಲ್ಲ ಸಾರ್" ಎಂದು ಇವರು ಅಲ್ಲೇ ನಿಂತರಂತೆ. ಆ ಸಲ ಮೂವತ್ತೆಂಟು ಕೋವಿಗಳಿಗೆ ವಿನಾಯಿತಿ ಸಿಕ್ಕಿತು. ಮೂವತ್ತೆಂಟು ಗದ್ದೆ ಉಳಿಯಿತು. ಬಂಗಾರಿಯವರ ಗದ್ದೆ ಅದರಲ್ಲಿ ಇರಲಿಲ್ಲ.

ಇದಕ್ಕಿಂತ ಕಷ್ಟದ ಕೆಲಸ ಇನ್ನೊಂದಿದೆ. ಲೈಸೆನ್ಸ್‌ದಾರರು ತೀರಿಕೊಂಡ ಸುದ್ದಿ ಕಿವಿಗೆ ಬಿದ್ದರೆ ಬಂಗಾರಿ ಐದನೇ ದಿನಕ್ಕೆ ಮುಂಚೆ ಆ ಮನೆಯಲ್ಲಿರುತ್ತಾರೆ. ಹೆಣ ಹೋದ ಅಂಗಳದಲ್ಲಿ ನಿಂತು ಕೋವಿಯ ಮಾತೆತ್ತುವುದೆಂದರೆ ಸುಲಭವೇ? ಇಂಥ ಹದಿನೇಳು ಮನೆಗಳಿಗೆ ಹೋಗಿದ್ದಾರೆ. ಒಂದೆರಡು ಕಡೆ ಮೊದಲು ಗೇಟಿನಿಂದಲೇ ಅಟ್ಟಿ, ಮರುದಿನ ಒಳಗೆ ಕರೆದದ್ದೂ ಉಂಟು.

ಹೋದ ವರ್ಷ ಭಟ್ಕಳದ ಆಚೆ ಬೆಳಕೆಯಲ್ಲಿ ವೆಂಕಟ ನಾಯ್ಕ ಎಂಬವರು ತೀರಿಕೊಂಡಾಗಲೂ ಹೀಗೇ ಆಯಿತು. ಅವರ ತಮ್ಮ ದಿನಕರ ಅಂಗಳಕ್ಕಿಳಿದು, "ಅಣ್ಣ ಸತ್ತು ನಾಲ್ಕು ದಿನ ಆಗ್ಲಿಲ್ಲ, ಕೋವಿ ಕೇಳೂಕೆ ಬಂದ್ರಾ? ನಾಚ್ಕೆ ಆಗೂದಿಲ್ವಾ?" ಎಂದು ಕೂಗಾಡಿದ. ಬಂಗಾರಿ ಅವನನ್ನು ದಾಟಿ ನಡೆದರು. ಒಳಗೆ ಹೋಗಿ ವೆಂಕಟರ ಹೆಂಡತಿ ಈರಮ್ಮನ ಪಕ್ಕ ನೆಲದ ಮೇಲೆ ಕೂತರು.

"ತಂಗೀ, ನಾನೂ ನಿನ್ನಂಗೇ ಕೂತಿದ್ದೆ," ಅಂದರು. "ಅವ್ರದ್ದು ಹೇಳಿ ಒಂದು ವರ್ಷ ಇಟ್ಕಂಡೆ. ಇಟ್ಕಂಡದ್ದಕ್ಕೇ ಕಳ್ಕಂಡೆ. ನೀನು ಇವತ್ತು ಕೊಟ್ರೆ ನಾಳೆ ನಿಂಗೇ ಬತ್ತದೆ. ಇವತ್ತು ಕೊಡೂದಿಲ್ಲ ಅಂದ್ರೆ ನನ್ನ ಹಂಗೆ ನೀನೂ ಡಬ್ಬ ಬಡೀತೆ."

ಈರಮ್ಮ ಎದ್ದು, ಗಂಡನ ಪಂಚೆಯಲ್ಲಿ ಸುತ್ತಿಟ್ಟಿದ್ದ ಕೋವಿ ತಂದು ಮೈದುನನ ಕೈಗೆ ಕೊಟ್ಟರು. ರಿಕ್ಷಾ ತಂದದ್ದು ಅದೇ ದಿನಕರ. ಮಧ್ಯಾಹ್ನದೊಳಗೆ ಠಾಣೆಯಲ್ಲಿ ಕೋವಿ ಒಪ್ಪಿಸಿ ರಸೀದಿ ಪಡೆದದ್ದೂ ಆಯಿತು. ಎಂಟು ತಿಂಗಳಿಗೆ ಈರಮ್ಮನ ಹೆಸರಿಗೇ ಲೈಸೆನ್ಸ್ ಬಂತು. ಕೋವಿ ಮನೆಗೆ ಬಂದ ದಿನ ಈರಮ್ಮ ಫೋನು ಮಾಡಿ, "ಅಕ್ಕಾ, ಕೇಳಿ" ಎಂದು ಫೋನನ್ನು ಗದ್ದೆಯ ಕಡೆ ಹಿಡಿದರಂತೆ. ದಿನಕರ ಹೊಡೆದ ಈಡಿನ ಸದ್ದು ಬೆಳಕೆಯಿಂದ ಹೊಳನಗದ್ದೆಯ ಅಡುಗೆಮನೆಗೆ ಕೇಳಿತು.

"ಖುಷಿ ಆತು," ಎನ್ನುತ್ತಾರೆ ಬಂಗಾರಿ. "ಸುಳ್ಳು ಎಂತಕೆ ಹೇಳೂದು, ಅಸೂಯೆಯೂ ಆತು," ಎಂದು ಸೇರಿಸುತ್ತಾರೆ.

ಈ ಭಾದ್ರಪದದಲ್ಲಿ ಮನೆಗೊಂದು ನೋಟೀಸು ಬಂತು. ವಾರಸಾ ಅರ್ಜಿಯ ಕೊನೇ ವಿಚಾರಣೆ. ಅದರಲ್ಲೂ ತಿರಸ್ಕೃತವಾದರೆ ಕೋವಿಯನ್ನು ಜಿಲ್ಲಾ ಕೇಂದ್ರಕ್ಕೆ ಕಳಿಸುತ್ತಾರೆ. ಅಲ್ಲಿ ನಾಶ ಮಾಡುವ ಕೋವಿಗಳ ಪಟ್ಟಿಗೆ ಸೇರುತ್ತದೆ. ಬಂಗಾರಿ ಎರಡು ದಿನ ಅನ್ನ ಬಿಟ್ಟರು. ಹೊನ್ನಾವರಕ್ಕೆ ಮದುವೆ ಮಾಡಿಕೊಟ್ಟ ಮಗಳು ಮಾಲಿನಿ ಓಡಿ ಬಂದಳು.

"ಬಿಟ್ಬಿಡು ಅಮ್ಮ. ಕೋವಿ ಬಂದ್ರೆ ಅಪ್ಪ ಬತ್ತನಾ?" ಎಂದು ಬೈದಳು.

"ಅಪ್ಪ ಬರೂದಿಲ್ಲ, ಗೊತ್ತದೆ ನಂಗೆ," ಎಂದರು ತಾಯಿ. "ಆ ಸದ್ದಾದ್ರೂ ಬರ್ಲಿ."

ನಾಗರಾಜ ಒಂದು ದಾರಿ ತೋರಿಸಿದ. ಕೋವಿ ಪೆಟ್ಟಿಗೆಯಲ್ಲಿತ್ತು, ಮನೆಯಲ್ಲಿದ್ದದ್ದೇ ಗೊತ್ತಿರಲಿಲ್ಲ, ವರ್ಷದ ಮೇಲೆ ಸಿಕ್ಕಿತು ಎಂದು ಬರೆದರೆ ಆಯಿತು. ವಿಳಂಬದ ತಕರಾರು ತನ್ನಷ್ಟಕ್ಕೆ ಬಿದ್ದುಹೋಗುತ್ತದೆ. ಯಾರೂ ಬಂದು ಗೂಟ ನೋಡುವುದಿಲ್ಲ. ಟೈಪು ಮಾಡಿಯೂ ಕೊಟ್ಟ. ಬಂಗಾರಿ ಆ ಕಾಗದವನ್ನು ಮಾಳಕ್ಕೆ ಒಯ್ದು ಎರಡು ಬೆಳಗ್ಗೆ ಓದಿದರು. ಸಹಿ ಹಾಕಲೆಂದು ಪೆನ್ನನ್ನೂ ಒಯ್ದಿದ್ದರು. ಮೂರನೇ ದಿನ ಕಾಗದವನ್ನು ಹಾಗೇ ನಾಗರಾಜನಿಗೆ ವಾಪಸ್ಸು ಕೊಟ್ಟರು.

"ಗೊತ್ತಿರ್ಲಿಲ್ಲ ಹೇಳಿ ಹೆಂಗೆ ಬರೀಲಿ ತಮ್ಮಾ? ಐವತ್ತೆರಡು ಶನಿವಾರ ಎಣ್ಣೆ ಹಚ್ಚಿದವ್ಳು ನಾನು. ಅವ್ರ ಕೋವಿ ಮನೇಲಿದ್ದದ್ದೇ ಗೊತ್ತಿಲ್ಲ ಅಂದ್ರೆ, ಅವ್ರು ಮನೇಲಿದ್ದದ್ದೂ ಗೊತ್ತಿಲ್ಲ ಅಂದಂಗೆ ಆಗೂದಿಲ್ವಾ?"

ಕಳೆದ ವಾರ ವಿಚಾರಣೆಯಲ್ಲಿ ಇದ್ದದ್ದನ್ನು ಇದ್ದ ಹಾಗೇ ಹೇಳಿದರು. ತಿಥಿ, ಹೊಸಿಲು, ಶನಿವಾರದ ಎಣ್ಣೆ, ಎಲ್ಲ. ತಪ್ಪು ನನ್ನದೇ ಎಂದೂ ಹೇಳಿದರು. ಆಮೇಲೆ ಆ ಹದಿನೇಳು ಮನೆಗಳ ಪಟ್ಟಿ ಮುಂದಿಟ್ಟರು. ಸಾವಾದ ದಿನ, ಕೋವಿ ಠಾಣೆಗೆ ಒಪ್ಪಿಸಿದ ದಿನ, ಎರಡೇ ಕಾಲಮ್ಮು. ಒಂದು ಮನೆಯಲ್ಲೂ ಏಳು ದಿನ ದಾಟಿರಲಿಲ್ಲ. "ನಾ ಮಾಡಿದ ತಪ್ಪು ಮತ್ತೊಬ್ರು ಮಾಡೂಕೆ ನಾ ಬಿಡ್ಲಿಲ್ಲ ಸಾರ್. ಇದೇ ನನ್ನ ತಪ್ಪು ಕಾಣಿಕೆ" ಎಂದರಂತೆ. ಅಧಿಕಾರಿ ಪಟ್ಟಿಯನ್ನು ಮೇಲಿಂದ ಕೆಳಗೆ ಎರಡು ಸಲ ನೋಡಿದರು. ಕೋವಿ ಹೊಡೆಯಲು ಬರುತ್ತದೆಯೇ ಎಂದು ಕೇಳಿದರು. ಹೋದ ವರ್ಷವೇ ತರಬೇತಿ ಮುಗಿಸಿದ ಸರ್ಟಿಫಿಕೇಟು ಚೀಲದಿಂದ ಹೊರಗೆ ಬಂತು. ಲೈಸೆನ್ಸ್ ಕೊಡುತ್ತೇನೆಂದು ಅವರು ಹೇಳಲಿಲ್ಲ. ಮತ್ತೊಮ್ಮೆ ವರದಿ ತರಿಸುತ್ತೇನೆ, ಅಲ್ಲಿಯವರೆಗೆ ಕೋವಿ ಠಾಣೆಯಲ್ಲೇ ಇರಲಿ ಎಂದು ಬರೆದರು. ಜಿಲ್ಲಾ ಕೇಂದ್ರಕ್ಕೆ ಹೋಗುವುದು ಸದ್ಯಕ್ಕೆ ತಪ್ಪಿತು.

ನಿನ್ನೆ ಆಯುಧಪೂಜೆ. ಠಾಣೆಯಲ್ಲೂ ಪೂಜೆ ಇರುತ್ತದೆ. ಬಂಗಾರಿ ಪ್ರತಿ ವರ್ಷದಂತೆ ಮನೆಯ ಅಬ್ಬಲಿಗೆ ಹೂವಿನ ದಂಡೆ ಕಟ್ಟಿ ಬಾಳೆ ಎಲೆಯಲ್ಲಿ ಸುತ್ತಿ ಒಯ್ದರು. ಒಳಕೋಣೆಗೆ ಅವರನ್ನು ಬಿಡುವಂತಿಲ್ಲ. ಠಾಣೆಯ ರೈಟರು ದಂಡೆ ಇಸಿದುಕೊಂಡು ಒಳಗೆ ಹೋಗಿ, ಚೀಟಿ ಕಟ್ಟಿದ ಆ ಹಳೇ ಕೋವಿಗೆ ಹಾಕಿ ಬಂದರು. ಬಾಗಿಲು ತುಸು ಹೆಚ್ಚೇ ತೆರೆದಿಟ್ಟರು. ಬಂಗಾರಿ ವರಾಂಡದಿಂದಲೇ ನಿಂತು ನೋಡಿದರು. ನಳಿಗೆಗೆ ತುಕ್ಕು ಹಿಡಿಯುತ್ತಿದೆ ಎಂದು ಅವರಿಗೆ ಅಲ್ಲಿಂದಲೇ ಕಂಡಿತು. ಮುಂದಿನ ಸಲ ಎಣ್ಣೆ ಬಟ್ಟೆಯನ್ನೂ ತರಲೇ ಎಂದು ಕೇಳಿದ್ದಕ್ಕೆ ರೈಟರು ಇಲ್ಲವೆನ್ನಲಿಲ್ಲ.

ಇವತ್ತು ಮತ್ತೆ ಮಾಳ, ಮತ್ತೆ ಡಬ್ಬ. ಎಂಟೂವರೆಯ ಬಸ್ಸಿಗೆ ಹೆಬಳೆಯ ಒಂದು ಮನೆಗೆ ಹೋಗಬೇಕು. ಅಲ್ಲೊಬ್ಬರು ಮೊನ್ನೆ ತೀರಿಕೊಂಡಿದ್ದಾರೆ. ಬೆಳಕು ಹರಿದಿದೆ, ಹಂದಿಗಳು ತಮಗೆ ಮನಸ್ಸು ಬಂದಾಗ ಗುಡ್ಡ ಹತ್ತಿವೆ. ಬಂಗಾರಿ ಡಬ್ಬವನ್ನು ಹಲಗೆಯ ಮೇಲಿಟ್ಟು ಇಳಿಯುತ್ತಾರೆ. ಕೋವಿ ಬಂದರೆ ಮೊದಲು ಏನು ಮಾಡುತ್ತೀರಿ ಎಂದು ಕೇಳಿದರೆ, ಗದ್ದೆಯ ಬದುವಿನ ಮೇಲೆ ನಿಂತು ಮನೆಯ ಕಡೆ ನೋಡುತ್ತಾರೆ. ಮಾಡಿನ ಮೇಲೆ ಹೊಗೆಯಿಲ್ಲ.

"ಒಂದು ಈಡು ಹೊಡಿತೆ. ಬರೀ ಮದ್ದಿಂದು, ಆಕಾಶಕ್ಕೆ. ಆಮೇಲೆ ಮನೆಗೆ ಹೋಗ್ತೆ. ಸದ್ದು ಕೇಳಿ ಒಲೆ ಮೇಲೆ ನೀರು ಇಡೂಕೆ ಅಲ್ಲಿ ಯಾರೂ ಇಲ್ಲ, ಗೊತ್ತದೆ. ನಾನೇ ಇಟ್ಕಂತೆ. ಇಟ್ರೆ ಎರಡು ಲೋಟದ ನೀರೇ ಇಡ್ತೆ."